ರೋಬೋಟಿನ ಚಕ್ರ ಯಾಕೆ ನಿಂತಿತು? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕಸ ಗುಡಿಸುವ, ನೆಲ ಒರೆಸುವ ರೋಬೋಟುಗಳ ಬಗ್ಗೆಯೇ ಇವೆ. ಅದರಲ್ಲೂ ಕೊಂಡು ಒಂದೂವರೆ ಎರಡು ವರ್ಷವಾಗಿ, ವಾರಂಟಿ ಮುಗಿದ ಮೇಲೆ ಕೈಕೊಟ್ಟವೇ ಜಾಸ್ತಿ. ‘ಮೋಟರ್ ಹೋಗಿದೆ, ಇಡೀ ಸೆಟ್ ಬದಲಿಸಬೇಕು’ ಎಂಬ ಮಾತು ಕೇಳಿ ಹಲವರು ರೋಬೋಟನ್ನು ಅಟ್ಟಕ್ಕೆ ಹಾಕಿಬಿಟ್ಟಿದ್ದಾರೆ. ಮೋಟರ್ ನಿಜವಾಗಿ ಸುಟ್ಟಿರುವುದು ಅಪರೂಪ. ಅದನ್ನು ತಿರುಗಲು ಬಿಡದಂತೆ ಇನ್ನೇನೋ ಹಿಡಿದುಕೊಂಡಿರುತ್ತದೆ. ಅಟ್ಟದಿಂದ ಇಳಿಸಿ ಒಮ್ಮೆ ನೋಡಲಿ ಎಂದೇ ಮೊದಲ ಪ್ರಶ್ನೆಗೆ ಉದ್ದವಾಗಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮ ರೋಬೋಟ್ ಎರಡು ವರ್ಷ ಚೆನ್ನಾಗಿ ಓಡಿತು. ಈಗ ಶುರು ಮಾಡಿದ ಐದು ನಿಮಿಷಕ್ಕೆ ಇದ್ದಲ್ಲೇ ಸುತ್ತಲು ತೊಡಗಿ, ‘ಬಲ ಚಕ್ರ ಸಿಕ್ಕಿಕೊಂಡಿದೆ’ ಎಂದು ಹೇಳಿ ನಿಂತುಬಿಡುತ್ತದೆ. ಚಕ್ರದ ಮೇಲೆ ಏನೂ ಸಿಕ್ಕಿಕೊಂಡಂತೆ ಕಾಣುವುದಿಲ್ಲ. ಮೋಟರ್ ಸುಟ್ಟಿರಬಹುದೇ? ಮನೆಯಲ್ಲೇ ಬಿಚ್ಚಿ ನೋಡಬಹುದೇ? (ತುಮಕೂರು)

ಬಿಚ್ಚಿ ನೋಡಬಹುದು. ಐದು ನಿಮಿಷವಾದರೂ ಓಡುತ್ತಿದೆ ಎಂದ ಮೇಲೆ ಮೋಟರ್ ಪೂರ್ತಿ ಸುಟ್ಟಿಲ್ಲ.

ಎರಡು ಚಕ್ರಗಳಿಗೂ ಒಂದೊಂದು ಪ್ರತ್ಯೇಕ ಡಿಸಿ ಮೋಟರ್, ಅದಕ್ಕೆ ಪ್ಲಾಸ್ಟಿಕ್ ಗೇರುಗಳ ಒಂದು ಪೆಟ್ಟಿಗೆ ಇರುತ್ತದೆ. ಚಕ್ರ ಎಷ್ಟು ತಿರುಗಿತು ಎಂದು ಎಣಿಸಲು ಎನ್‌ಕೋಡರ್ ಎಂಬ ಪುಟ್ಟ ಸೆನ್ಸರ್ ಇರುತ್ತದೆ. ಒಳಗಿನ ಬೋರ್ಡ್ ಸದಾ ಎರಡು ವಿಷಯ ನೋಡುತ್ತಿರುತ್ತದೆ: ಮೋಟರ್ ಎಷ್ಟು ಕರೆಂಟ್ ಎಳೆಯುತ್ತಿದೆ, ಎನ್‌ಕೋಡರಿನಿಂದ ಎಣಿಕೆ ಬರುತ್ತಿದೆಯೇ ಇಲ್ಲವೇ. ಕರೆಂಟ್ ಮಿತಿ ಮೀರಿದರೂ, ಎಣಿಕೆ ಬರದಿದ್ದರೂ ಅದು ಹೇಳುವುದು ಒಂದೇ ಮಾತು, ‘ಚಕ್ರ ಸಿಕ್ಕಿಕೊಂಡಿದೆ’ ಅಂತ. ಒಂದು ಚಕ್ರ ನಿಧಾನವಾಗಿ ಇನ್ನೊಂದು ಸರಿಯಾಗಿ ತಿರುಗಿದರೆ ರೋಬೋಟ್ ಸುತ್ತು ಹೊಡೆಯದೆ ಬೇರೆ ದಾರಿಯಿಲ್ಲ.

ಬೋರ್ಡ್ ಯಾಕೆ ನಿಲ್ಲಿಸಿಬಿಡುತ್ತದೆ ಎಂಬ ಲೆಕ್ಕ ಹೀಗಿದೆ. ಡಿಸಿ ಮೋಟರ್ ತಿರುಗುವಾಗ ತಾನೇ ಒಂದು ಎದುರು ವೋಲ್ಟೇಜ್ ಹುಟ್ಟಿಸುತ್ತದೆ. ವೇಗ ಹೆಚ್ಚಿದ್ದಷ್ಟೂ ಅದು ಹೆಚ್ಚು, ಅದಕ್ಕೇ ಸರಾಗವಾಗಿ ತಿರುಗುವ ಮೋಟರ್ ಕಡಿಮೆ ಕರೆಂಟ್ ಎಳೆಯುತ್ತದೆ. ಅಚ್ಚಿಗೆ ಕೂದಲು ಬಿಗಿದು ವೇಗ ಕುಗ್ಗಿತೆಂದರೆ ಎದುರು ವೋಲ್ಟೇಜೂ ಕುಗ್ಗಿ ಕರೆಂಟ್ ಏರುತ್ತದೆ. ಉದಾಹರಣೆಗೆ, 14.4 ವೋಲ್ಟ್ ಬ್ಯಾಟರಿ, 6 ಓಮ್ ಕಾಯಿಲ್ ಇರುವ ಮೋಟರ್ ಸಾದಾ ನೆಲದ ಮೇಲೆ 0.2 ಆಂಪಿಯರ್ ಎಳೆಯುತ್ತದೆ ಎಂದುಕೊಳ್ಳಿ. ಆಗ ಕಾಯಿಲಿನಲ್ಲಿ ಹುಟ್ಟುವ ಶಾಖ ಕಾಲು ವ್ಯಾಟಿನಷ್ಟು. ಕರೆಂಟ್ ಮೂರು ಪಟ್ಟಾದರೆ ಶಾಖ ಒಂಬತ್ತು ಪಟ್ಟು. ಚಕ್ರ ಪೂರ್ತಿ ನಿಂತರೆ ಕರೆಂಟ್ 2.4 ಆಂಪಿಯರ್, ಶಾಖ ಸುಮಾರು 35 ವ್ಯಾಟ್. ಹೆಬ್ಬೆರಳು ಗಾತ್ರದ ಮೋಟರ್ ಅದನ್ನು ಹೆಚ್ಚು ಹೊತ್ತು ತಡೆಯಲಾರದು, ಅದಕ್ಕೇ ಬೋರ್ಡ್ ಬೇಗ ನಿಲ್ಲಿಸಿಬಿಡುತ್ತದೆ. ನೀವು ಮತ್ತೆ ಮತ್ತೆ ಸ್ಟಾರ್ಟ್ ಒತ್ತಿದರೆ ಮಾತ್ರ ಆ ಕಾವಲು ವ್ಯರ್ಥವಾಗುತ್ತದೆ. ದೋಷ ತೋರಿಸಿದ ರೋಬೋಟನ್ನು ಮೂರು ನಾಲ್ಕು ಸಲ ಓಡಿಸಿ ನೋಡುವ ಅಭ್ಯಾಸ ಬೇಡ.

ಈಗ ಕೆಲಸ. ಪವರ್ ಸ್ವಿಚ್ ಆಫ್ ಮಾಡಿ, ಹಳೆಯ ಬೆಡ್‌ಶೀಟಿನ ಮೇಲೆ ಮಗುಚಿ ಇಡಿ. ಬಟನ್ ಒತ್ತಿ ಮಲಗಿಸಿದರೆ ಸಾಲದು. ಪಕ್ಕದಲ್ಲೋ ಮುಚ್ಚಳದ ಒಳಗೋ ಗಟ್ಟಿ ಸ್ವಿಚ್ ಇದ್ದರೆ ಅದನ್ನೇ ಆರಿಸಿ, ಬ್ಯಾಟರಿ ತೆಗೆಯಲು ಬಂದರೆ ತೆಗೆದಿಡಿ. ಎಡ ಚಕ್ರವನ್ನು ಹೆಬ್ಬೆರಳಲ್ಲಿ ಮೆಲ್ಲಗೆ ತಿರುಗಿಸಿ. ಗೇರಿನ ತಡೆ ಸ್ವಲ್ಪ ಇರುತ್ತದೆ, ಆದರೆ ಸುತ್ತಿನ ಉದ್ದಕ್ಕೂ ಒಂದೇ ಸಮ ಇರುತ್ತದೆ. ಆಮೇಲೆ ಬಲ ಚಕ್ರ. ಎಡಕ್ಕಿಂತ ಬಿಗಿ ಇದ್ದರೆ ಕೂದಲು ಅಥವಾ ಕೊಳೆ. ಸುತ್ತಿನಲ್ಲಿ ಒಂದೇ ಜಾಗದಲ್ಲಿ ‘ಕಟಕ್’ ಎಂದು ಎಡವಿದರೆ ಗೇರಿನ ಹಲ್ಲು. ಎಡಕ್ಕಿಂತ ಸಡಿಲವಾಗಿ ಸುಮ್ಮನೆ ತಿರುಗಿದರೆ ಗೇರು ಮೋಟರಿನಿಂದ ಕಳಚಿದೆ. ಈ ಹೋಲಿಕೆ ಯಾವ ಮೀಟರಿಗಿಂತಲೂ ಹೆಚ್ಚು ಹೇಳುತ್ತದೆ, ಏಕೆಂದರೆ ಸರಿಯಿರುವ ಚಕ್ರ ಹೇಗಿರಬೇಕು ಎಂಬುದಕ್ಕೆ ಮಾದರಿ ನಿಮ್ಮ ಕೈಯಲ್ಲೇ ಇದೆ.

ಚಕ್ರದ ಮೇಲೆ ಏನೂ ಕಾಣುವುದಿಲ್ಲ ಎಂದಿದ್ದೀರಿ. ಕೂದಲು ಟೈರಿನ ಮೇಲೆ ಇರುವುದಿಲ್ಲ, ಚಕ್ರದ ಹಿಂಬದಿಗೂ ಪೆಟ್ಟಿಗೆಗೂ ನಡುವಿನ ಒಂದೆರಡು ಮಿಲಿಮೀಟರ್ ಸಂದಿಯಲ್ಲಿ ಅಚ್ಚಿಗೆ ಬಳೆಯಂತೆ ಸುತ್ತಿಕೊಂಡಿರುತ್ತದೆ. ಟಾರ್ಚ್ ಹಿಡಿದು, ಚಕ್ರವನ್ನು ಹೊರಕ್ಕೆ ಎಳೆದು ನೋಡಿ. ಚೂಪು ಮೂತಿಯ ಚಿಮಟ ಸಾಕಾಗದಿದ್ದರೆ ಕೆಳಗಿನ ಕವರ್ ಬಿಚ್ಚಿ, ಚಕ್ರದ ಸೆಟ್ಟನ್ನೇ ಹೊರತೆಗೆಯಬೇಕು. ಹೆಚ್ಚಿನವುಗಳಲ್ಲಿ ಮೂರರಿಂದ ಐದು ಸ್ಟಾರ್ ಸ್ಕ್ರೂ, ಒಂದು ಕನೆಕ್ಟರ್ ಅಷ್ಟೆ. ಸ್ಕ್ರೂಗಳು ಎಲ್ಲವೂ ಒಂದೇ ಉದ್ದ ಇರುವುದಿಲ್ಲ; ಕಾಗದದ ಮೇಲೆ ರೋಬೋಟಿನ ಚಿತ್ರ ಬರೆದು ಆಯಾ ಜಾಗದಲ್ಲೇ ಚುಚ್ಚಿಡಿ. ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ತಿರುಗಿಸಿದರೆ ಪ್ಲಾಸ್ಟಿಕ್ ಸೀಳಿ ಬೋರ್ಡಿಗೆ ತಾಗಬಹುದು. ಕನೆಕ್ಟರನ್ನು ವೈರ್ ಹಿಡಿದು ಎಳೆಯಬೇಡಿ.

ಗೇರ್ ಪೆಟ್ಟಿಗೆ ತೆರೆದಾಗ ಕಪ್ಪು ಪೇಸ್ಟಿನಂಥದ್ದು ಕಂಡರೆ ಅದು ಗ್ರೀಸಿಗೆ ಅಂಟಿದ ನೆಲದ ಧೂಳು. ಅದೇ ಹಲ್ಲುಗಳನ್ನು ತಿನ್ನುವುದು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಪೂರ್ತಿ ತೆಗೆದು, ಒಣ ಬಟ್ಟೆಯಲ್ಲಿ ಒರೆಸಿ, ಬಿಳಿ ಲೀಥಿಯಂ ಗ್ರೀಸನ್ನು ಕಡಲೆಕಾಳಿನಷ್ಟು ಮಾತ್ರ ಹಲ್ಲುಗಳಿಗೆ ಸವರಿ. ಕೊಬ್ಬರಿ ಎಣ್ಣೆ ಖಂಡಿತ ಬೇಡ. ಅದು ಧೂಳು ಹಿಡಿಯುತ್ತದೆ, ಚಳಿಗಾಲದ ಬೆಳಿಗ್ಗೆ ಗಟ್ಟಿಯಾಗಿ ಮೋಟರಿಗೆ ಹೊಸ ಭಾರವಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆಯೂ ಇಲ್ಲಿಗಲ್ಲ. ಹರಿದು ಮೋಟರಿನ ಒಳಗಿನ ಬ್ರಷ್ಷಿಗೆ, ಅಂದರೆ ತಿರುಗುವ ಕಾಯಿಲಿಗೆ ಕರೆಂಟ್ ಮುಟ್ಟಿಸುವ ಪುಟ್ಟ ತುಂಡಿಗೆ ಇಳಿದರೆ ಕರೆಂಟ್ ಹರಿಯುವ ಜಾಗವೇ ಕೊಳೆಯಾಗುತ್ತದೆ.

ಇಷ್ಟಾದರೂ ಸರಿಹೋಗದಿದ್ದರೆ ಮೋಟರ್ ಪರೀಕ್ಷೆ. ಸೆಟ್ಟಿನಿಂದ ಬರುವ ವೈರುಗಳಲ್ಲಿ ದಪ್ಪಗಿನ ಎರಡು ಮೋಟರಿನವು, ಸಣ್ಣವು ಎನ್‌ಕೋಡರಿನವು. ಮೋಟರಿನ ಬೆನ್ನಿನ ಎರಡು ತಗಡುಗಳಿಗೆ ಯಾವ ವೈರು ಬೆಸುಗೆಯಾಗಿದೆ ಎಂದು ಕಣ್ಣಾರೆ ನೋಡಿಯೇ ಮುಂದೆ ಹೋಗಿ. ಮಲ್ಟಿಮೀಟರನ್ನು 200 ಓಮಿಗೆ ಇಟ್ಟು, ಚಕ್ರವನ್ನು ಇಷ್ಟಿಷ್ಟೇ ತಿರುಗಿಸುತ್ತ ಹಲವು ಕಡೆ ಅಳೆಯಿರಿ. ಕೆಲವು ಓಮಿನಿಂದ ಕೆಲವು ಹತ್ತು ಓಮಿನವರೆಗೆ ಬಂದು, ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಇದ್ದರೆ ಕಾಯಿಲ್ ಸರಿಯಿದೆ. ಕೆಲವು ಜಾಗದಲ್ಲಿ ಮೀಟರ್ ಏನೂ ತೋರಿಸದಿದ್ದರೆ ಬ್ರಷ್ ಸವೆದಿದೆ ಅಥವಾ ಅದು ಉಜ್ಜುವ ತಾಮ್ರದ ಉಂಗುರದ, ಅಂದರೆ ಕಾಮ್ಯುಟೇಟರಿನ ಒಂದು ತುಂಡು ಹೋಗಿದೆ. ಇಂಥ ಮೋಟರ್ ಒಮ್ಮೆ ಶುರುವಾಗುತ್ತದೆ, ಒಮ್ಮೆ ಆಗುವುದಿಲ್ಲ. ಕೈಯಲ್ಲಿ ತಟ್ಟಿದರೆ ಓಡುತ್ತದೆ. ಆಮೇಲೆ 12 ವೋಲ್ಟ್, 1 ಆಂಪಿಯರ್ ಅಡಾಪ್ಟರನ್ನು ಆ ಎರಡು ದಪ್ಪ ವೈರುಗಳಿಗೆ ಮಾತ್ರ ಕೊಟ್ಟು ಎಡ, ಬಲ ಎರಡನ್ನೂ ಓಡಿಸಿ, ಕರೆಂಟ್ ಹೋಲಿಸಿ. ಎನ್‌ಕೋಡರ್ ಕೆಲಸ ಮಾಡುವುದು 3.3 ಅಥವಾ 5 ವೋಲ್ಟಿನಲ್ಲಿ; 12 ವೋಲ್ಟ್ ತಾಗಿದ ಕ್ಷಣ ಅದು ಹೋಯಿತು.

ಎರಡೂ ಮೋಟರ್ ಒಂದೇ ಥರ ಓಡಿ, ಜೋಡಿಸಿದ ಮೇಲೆ ಮತ್ತೆ ಅದೇ ದೋಷ ಬಂದರೆ ಎನ್‌ಕೋಡರ್ ನೋಡಿ. ಬೆಳಕಿನಿಂದ ಎಣಿಸುವ ಬಗೆಯದಾದರೆ ಅದರ ಸೀಳಿನಲ್ಲಿ ಧೂಳು ಕೂತಿರುತ್ತದೆ, ಊದುವ ಬಲ್ಬಿನಿಂದ ಗಾಳಿ ಹೊಡೆದರೆ ಸಾಕು. ಅದೂ ಸರಿಯಿದ್ದರೆ ತಪ್ಪು ಬೋರ್ಡಿನಲ್ಲಿ ಮೋಟರಿಗೆ ಕರೆಂಟ್ ಕೊಡುವ ಮೋಟರ್ ಡ್ರೈವರ್ ಚಿಪ್ಪಿನದು, ಅದು ಮನೆಯಲ್ಲಿ ಮಾಡುವ ಕೆಲಸವಲ್ಲ. ಚಕ್ರದ ಸೆಟ್ ತರಿಸುವುದೇ ಆದರೆ ಕೆಳಗಿನ ಲೇಬಲ್ಲಿನ ಪೂರ್ತಿ ಮಾಡೆಲ್ ಸಂಖ್ಯೆ ಕೊಡಿ, ಎಡವೋ ಬಲವೋ ಎಂದು ಸ್ಪಷ್ಟವಾಗಿ ಬರೆಯಿರಿ. ಎರಡೂ ಕನ್ನಡಿ ಬಿಂಬದ ಹಾಗೆ, ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ.

ಪ್ರಶ್ನೆ: ಜಾಹೀರಾತಿನಲ್ಲಿ ‘ಬಿಎಲ್‌ಡಿಸಿ ಮೋಟರ್’ ಎಂದಿದೆ. ರೋಬೋಟಿನಲ್ಲಿ ಇರುವುದು ಒಂದೇ ಮೋಟರಾ? ಬಿಎಲ್‌ಡಿಸಿ ಇಲ್ಲದ್ದನ್ನು ಕೊಳ್ಳಬಾರದೇ? (ಮೈಸೂರು)

ಒಂದಲ್ಲ. ಸಾದಾ ರೋಬೋಟಿನಲ್ಲೂ ಚಕ್ರಕ್ಕೆ ಎರಡು, ಹೊಟ್ಟೆಯ ಅಡಿಯ ಉರುಳು ಬ್ರಷ್ಷಿಗೆ ಒಂದು, ಮೂಲೆಯ ಕಸ ಎಳೆಯುವ ಪಕ್ಕದ ಬ್ರಷ್ಷಿಗೆ ಒಂದು, ಗಾಳಿ ಎಳೆಯಲು ಒಂದು, ಹೀಗೆ ಐದು. ತಲೆಯ ಮೇಲೆ ತಿರುಗುವ ಲೇಸರ್ ಇದ್ದರೆ ಆರನೆಯದು. ನೆಲ ಒರೆಸುವುದಾದರೆ ನೀರಿನ ಪಂಪು, ಒರೆಸು ಬಟ್ಟೆ ತಿರುಗಿಸುವ ಅಥವಾ ಎತ್ತುವ ಮೋಟರ್ ಎಂದು ಲೆಕ್ಕ ಎಂಟು ಹತ್ತಕ್ಕೆ ಹೋಗುತ್ತದೆ.

ಜಾಹೀರಾತಿನ ಬಿಎಲ್‌ಡಿಸಿ, ಅಂದರೆ ಒಳಗೆ ಬ್ರಷ್ ಇಲ್ಲದ ಡಿಸಿ ಮೋಟರ್, ಸಾಮಾನ್ಯವಾಗಿ ಗಾಳಿ ಎಳೆಯುವ ಮೋಟರ್ ಒಂದಕ್ಕೇ ಸೇರಿದ್ದು, ಮತ್ತು ಅದು ಇರಬೇಕಾದದ್ದೂ ಅಲ್ಲಿಯೇ. ಆ ಫ್ಯಾನ್ ನಿಮಿಷಕ್ಕೆ ಹತ್ತು ಇಪ್ಪತ್ತು ಸಾವಿರ ಸುತ್ತು ತಿರುಗುತ್ತದೆ. ಬ್ರಷ್ ಇರುವ ಮೋಟರಿನಲ್ಲಿ ಅಷ್ಟು ವೇಗದಲ್ಲಿ ಬ್ರಷ್ಷು ಕಾಮ್ಯುಟೇಟರಿಗೆ ಉಜ್ಜುತ್ತ ಕೆಲವು ನೂರರಿಂದ ಸಾವಿರ ಗಂಟೆಗೆ ಸವೆದುಹೋಗುತ್ತದೆ. ದಿನಕ್ಕೆ ಒಂದು ಗಂಟೆ ಓಡಿಸಿದರೆ ವರ್ಷಕ್ಕೆ 365 ಗಂಟೆ. ಅಲ್ಲಿಗೆ ಎರಡು ಮೂರು ವರ್ಷದಲ್ಲಿ ಅದರ ಆಯುಷ್ಯ ತೀರಿತು. ಬಿಎಲ್‌ಡಿಸಿಯಲ್ಲಿ ಉಜ್ಜುವ ಭಾಗವೇ ಇಲ್ಲ. ಕಾಯಿಲ್‌ಗಳಿಗೆ ಕರೆಂಟನ್ನು ಸರದಿಯ ಮೇಲೆ ಕೊಡುವ ಕೆಲಸ ಎಲೆಕ್ಟ್ರಾನಿಕ್ಸಿನದು. ಸವೆಯುವುದು ಬೇರಿಂಗ್ ಮಾತ್ರ. ಮನೆಯ ಚಾವಣಿಗೆ ಬಂದಿರುವ ಬಿಎಲ್‌ಡಿಸಿ ಫ್ಯಾನುಗಳದ್ದೂ ಇದೇ ತತ್ವ.

ಚಕ್ರಕ್ಕೆ, ಪಕ್ಕದ ಬ್ರಷ್ಷಿಗೆ ಬ್ರಷ್ ಮೋಟರೇ ಇರಲಿ, ಚಿಂತೆಯಿಲ್ಲ. ವೇಗ ಕಡಿಮೆ, ಎರಡು ವೈರಿನಿಂದ ಮುಂದೆ ಹಿಂದೆ ಓಡಿಸಬಹುದು, ಕೆಟ್ಟರೆ ಅಗ್ಗಕ್ಕೆ ಸಿಗುತ್ತದೆ. ಕೊಳ್ಳುವ ಮುಂಚೆ ಅಂಗಡಿಯವರನ್ನು ಕೇಳಬೇಕಾದದ್ದು ಇನ್ನೊಂದು: ಈ ಮಾಡೆಲಿಗೆ ಚಕ್ರದ ಸೆಟ್, ಪಕ್ಕದ ಬ್ರಷ್ ಮೋಟರ್, ಬ್ಯಾಟರಿ ಬಿಡಿಯಾಗಿ ಸಿಗುತ್ತವೆಯೇ? ಸಿಗದಿದ್ದರೆ ಎಂಥ ಬಿಎಲ್‌ಡಿಸಿ ಇದ್ದರೂ ಅದನ್ನು ಬಿಡಿ.

ಪ್ರಶ್ನೆ: 2500 ಪಾಸ್ಕಲ್ ಇರುವುದಕ್ಕೂ 8000 ಇರುವುದಕ್ಕೂ ನಿಜವಾಗಿ ವ್ಯತ್ಯಾಸ ಇದೆಯೇ? ನಮ್ಮಲ್ಲಿ ಧೂಳು ಜಾಸ್ತಿ. ದಿನಾ ದೇವರ ಮನೆ ಮುಂದೆ ರಂಗೋಲಿ ಹಾಕುತ್ತೇವೆ. ಈಚೆಗೆ ಶಬ್ದ ಕೀರಲಾಗಿದೆ, ಕಸ ಹಾಗೇ ಉಳಿಯುತ್ತದೆ. (ಹುಬ್ಬಳ್ಳಿ)

ಪಾಸ್ಕಲ್ ಒತ್ತಡದ ಅಳತೆ. 5000 ಪಾಸ್ಕಲ್ ಎಂದರೆ ಕೊಳವೆಯಲ್ಲಿ ನೀರನ್ನು ಸುಮಾರು ಅರ್ಧ ಮೀಟರ್ ಎಳೆಯಬಲ್ಲ ಶಕ್ತಿ. ಆದರೆ ಪೆಟ್ಟಿಗೆಯ ಮೇಲಿನ ಅಂಕಿ ಸಾಮಾನ್ಯವಾಗಿ ಗಾಳಿಯ ಬಾಯಿ ಮುಚ್ಚಿ, ಅತಿ ಹೆಚ್ಚಿನ ಮೋಡಿನಲ್ಲಿ ಅಳೆದದ್ದು. ಕಸವನ್ನು ಹೊತ್ತೊಯ್ಯುವುದು ಹರಿಯುವ ಗಾಳಿ, ಮುಚ್ಚಿದ ಬಾಯಿಯ ಒತ್ತಡವಲ್ಲ. ನಯವಾದ ಟೈಲ್ಸ್, ಗ್ರಾನೈಟ್, ರೆಡ್ ಆಕ್ಸೈಡ್ ನೆಲಕ್ಕೆ 2500 ಸಾಕು. ಅಲ್ಲಿ ಅರ್ಧ ಕೆಲಸ ಉರುಳು ಬ್ರಷ್ಷಿನದೇ. ದಪ್ಪ ಜಮಖಾನೆ, ಕಾರ್ಪೆಟ್ ಇದ್ದರೆ ಹೆಚ್ಚಿನದು ಉಪಯೋಗಕ್ಕೆ ಬರುತ್ತದೆ.

ನಿಮ್ಮ ತೊಂದರೆ ಬೇರೆ. ಕೀರಲು ಶಬ್ದ ಬಂದರೆ ಮೋಟರ್ ಹೆಚ್ಚು ದುಡಿಯುತ್ತಿದೆ ಎಂದು ಬಹಳ ಜನ ತಿಳಿಯುತ್ತಾರೆ. ಆಗುತ್ತಿರುವುದು ತದ್ವಿರುದ್ಧ. ಫಿಲ್ಟರ್ ಕಟ್ಟಿಕೊಂಡಾಗ ಫ್ಯಾನಿಗೆ ತಳ್ಳಲು ಗಾಳಿಯೇ ಸಿಗದೆ ಅದರ ಮೇಲಿನ ಭಾರ ಇಳಿಯುತ್ತದೆ, ವೇಗ ಏರುತ್ತದೆ, ಸ್ವರ ಮೇಲಕ್ಕೆ ಹೋಗುತ್ತದೆ. ಮೋಟರನ್ನು ತಣ್ಣಗಿಡುವುದೂ ಅದೇ ಗಾಳಿಯಾದ್ದರಿಂದ ಅದು ಒಳಗೊಳಗೇ ಬಿಸಿಯಾಗುತ್ತದೆ.

ಫಿಲ್ಟರ್ ಕಟ್ಟಿಸಿದ್ದು ಬಹುಮಟ್ಟಿಗೆ ರಂಗೋಲಿ. ಅಂಗಡಿಯ ರಂಗೋಲಿ ಪುಡಿ ಕಲ್ಲಿನ ಪುಡಿ. ಮನೆಯ ಮಾಮೂಲಿ ಧೂಳು ನೂಲಿನಂತೆ ಮುದ್ದೆಗಟ್ಟುತ್ತದೆ, ಕೊಡವಿದರೆ ಬೀಳುತ್ತದೆ. ಕಲ್ಲಿನ ಪುಡಿ ಫಿಲ್ಟರಿನ ಮಡಿಕೆಗಳ ಒಳಗೆ ಹಿಟ್ಟಿನಂತೆ ಕೂರುತ್ತದೆ. ಫಿಲ್ಟರಿನ ಅಂಚು ಸರಿಯಾಗಿ ಕೂರದಿದ್ದರೆ ದಾಟಿಹೋಗಿ ಬೇರಿಂಗನ್ನೂ ಸವೆಸುತ್ತದೆ. ರಂಗೋಲಿ ಹಾಕುವ ಜಾಗವನ್ನು ಆ್ಯಪಿನ ನಕ್ಷೆಯಲ್ಲಿ ‘ಪ್ರವೇಶವಿಲ್ಲ’ ಎಂದು ಗುರುತು ಮಾಡಿ, ಅಳಿಸುವಾಗ ಒದ್ದೆ ಬಟ್ಟೆ ಬಳಸಿ. ದೇವರ ಮನೆಗೆ ರೋಬೋಟ್ ಹೋಗದಿರುವುದೇ ಲೇಸು, ಅದಕ್ಕೆ ಇನ್ನೂ ದೊಡ್ಡ ಕಾರಣ ಊದುಬತ್ತಿ. ಆರದ ಕಿಡಿಯೊಂದು ಡಬ್ಬಿಯ ಒಳಗಿನ ಕೂದಲು, ನೂಲಿಗೆ ಬಿದ್ದರೆ ಫ್ಯಾನೇ ಅದಕ್ಕೆ ಗಾಳಿ ಹಾಕುತ್ತದೆ.

ಫಿಲ್ಟರನ್ನು ವಾರಕ್ಕೆರಡು ಸಲ ಡಬ್ಬಿಯ ಅಂಚಿಗೆ ತಟ್ಟಿ. ತೊಳೆಯಬಹುದು ಎಂದು ಬರೆದಿದ್ದರೆ ಮಾತ್ರ ತೊಳೆದು, 24 ಗಂಟೆ ನೆರಳಲ್ಲಿ ಒಣಗಿಸಿ. ಹಸಿ ಫಿಲ್ಟರ್ ಹಾಕಿದರೆ ತೇವ ನೇರವಾಗಿ ಮೋಟರಿಗೆ. ಧೂಳಿನ ಊರಿನಲ್ಲಿ ಮೂರು ತಿಂಗಳಿಗೊಮ್ಮೆ ಬದಲಿಸಿ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮಲ್ಲಿ ದಿನಕ್ಕೆ ನಾಲ್ಕಾರು ಸಲ ಕರೆಂಟ್ ಹೋಗುತ್ತದೆ. ರೋಬೋಟ್ ಮನೆಯ ಮಧ್ಯದಲ್ಲಿ ಸತ್ತು ಬಿದ್ದಿರುತ್ತದೆ. ಇನ್ವರ್ಟರಿಗೆ ಹಾಕಬಹುದೇ? ಮಗಳ ಮನೆಗೆ ಮೂರು ತಿಂಗಳು ಹೋಗುವಾಗ ಹೇಗೆ ಇಟ್ಟು ಹೋಗಬೇಕು? (ತೀರ್ಥಹಳ್ಳಿ)

ರೋಬೋಟ್ ಓಡುವುದು ತನ್ನ ಬ್ಯಾಟರಿಯಲ್ಲಿ, ಕರೆಂಟ್ ಹೋದರೆ ಅದಕ್ಕೇನೂ ಆಗದು. ಆಗುವುದು ಅದು ಚಾರ್ಜಿಗೆ ಹೋಗಿ ಕೂರುವ ಡಾಕಿಗೆ. ಡಾಕ್ ಕಣ್ಣಿಗೆ ಕಾಣದ ಅವಕೆಂಪು ಬೆಳಕು ಬಿಟ್ಟು ‘ನಾನಿಲ್ಲಿದ್ದೇನೆ’ ಎನ್ನುತ್ತಿರುತ್ತದೆ. ಕರೆಂಟ್ ಇಲ್ಲದಾಗ ಆ ಬೆಳಕೂ ಇಲ್ಲ. ರೋಬೋಟ್ ಡಾಕಿನ ಹತ್ತಿರ ಬಂದು ಹುಡುಕಾಡಿ, ಬ್ಯಾಟರಿ ಖಾಲಿಯಾಗಿ ನಿಲ್ಲುತ್ತದೆ.

ಸಾದಾ ಚಾರ್ಜಿಂಗ್ ಡಾಕ್ ಎಳೆಯುವುದು 20–30 ವ್ಯಾಟ್, ಧೈರ್ಯವಾಗಿ ಇನ್ವರ್ಟರ್ ಲೈನಿಗೆ ಹಾಕಿ. ಆದರೆ ಕಸವನ್ನು ತಾನೇ ಚೀಲಕ್ಕೆ ಎಳೆದುಕೊಳ್ಳುವ ದೊಡ್ಡ ಡಾಕ್ ಆದರೆ ಅದರೊಳಗೆ ಇನ್ನೊಂದು ದೊಡ್ಡ ಮೋಟರ್ ಇದೆ; ಹತ್ತು ಹದಿನೈದು ಸೆಕೆಂಡ್ ಮಾತ್ರ ಓಡಿದರೂ ಆಗ ಸಾವಿರ ವ್ಯಾಟಿನ ಹತ್ತಿರ ಎಳೆಯುತ್ತದೆ. ಸಣ್ಣ ಇನ್ವರ್ಟರ್ ಓವರ್‌ಲೋಡ್ ಎಂದು ಇಡೀ ಮನೆಯ ದೀಪ ಆರಿಸೀತು. ಅಂಥದ್ದನ್ನು ಇನ್ವರ್ಟರಿಗೆ ಹಾಕಲೇಬೇಕಿದ್ದರೆ ಆ್ಯಪಿನಲ್ಲಿ ಕಸ ಖಾಲಿ ಮಾಡುವುದನ್ನು ಆಫ್ ಮಾಡಿ, ಕೈಯಾರೆ ಒತ್ತುವಂತೆ ಇಟ್ಟುಕೊಳ್ಳಿ.

ಮೂರು ತಿಂಗಳ ವಿಷಯ. ಮೇನ್ ಸ್ವಿಚ್ ಆರಿಸಿ, ರೋಬೋಟನ್ನು ಡಾಕಿನ ಮೇಲೆಯೇ ಬಿಟ್ಟು ಹೋಗುವುದು ಬ್ಯಾಟರಿಗೆ ಎಲ್ಲಕ್ಕಿಂತ ಕೆಟ್ಟದ್ದು. ನಿದ್ದೆಯಲ್ಲೂ ಅದು ಇಷ್ಟಿಷ್ಟೇ ಕರೆಂಟ್ ಎಳೆಯುತ್ತ ಕೆಲವೇ ವಾರದಲ್ಲಿ ಬರಿದಾಗುತ್ತದೆ. ಲೀಥಿಯಂ ಸೆಲ್ ಪೂರ್ತಿ ಬರಿದಾಗಿ ಬಹಳ ದಿನ ಬಿದ್ದಿದ್ದರೆ ಒಳಗಿನ ರಕ್ಷಣಾ ಸರ್ಕ್ಯೂಟ್ ಮತ್ತೆ ಚಾರ್ಜ್ ಆಗಲು ಬಿಡುವುದೇ ಇಲ್ಲ. ಅರ್ಧಕ್ಕಿಂತ ತುಸು ಹೆಚ್ಚು ಚಾರ್ಜ್ ಇರುವಾಗ ಗಟ್ಟಿ ಸ್ವಿಚ್ ಆರಿಸಿ, ಆಗುವಂತಿದ್ದರೆ ಬ್ಯಾಟರಿಯನ್ನೇ ಬಿಚ್ಚಿ, ಒಣ ಕಪಾಟಿನಲ್ಲಿ ಇಡಿ. ನೀರಿನ ಟ್ಯಾಂಕ್ ಖಾಲಿ ಮಾಡಿ, ಒರೆಸು ಬಟ್ಟೆ ತೆಗೆಯಿರಿ. ಮಲೆನಾಡಿನ ಮಳೆಗಾಲದ ತೇವಕ್ಕೆ ಚಾರ್ಜಿಂಗ್ ತಗಡಿನ ಮೇಲೆ ಹಸಿರು ಕಿಲುಬು ಬರುತ್ತದೆ. ಬಂದ ಮೇಲೆ ಪೆನ್ಸಿಲ್ ರಬ್ಬರಿನಿಂದ ಉಜ್ಜಿ ತೆಗೆಯಿರಿ, ಮರಳು ಕಾಗದ ಬೇಡ.

ಪ್ರಶ್ನೆ: ದಿನಾ ಓಡಿಸಿದರೆ ಕರೆಂಟ್ ಬಿಲ್ ಎಷ್ಟು ಏರುತ್ತದೆ? (ಬೆಂಗಳೂರು)

14.4 ವೋಲ್ಟ್, 5200 ಮಿಲಿಆಂಪಿಯರ್ ಅವರ್ ಬ್ಯಾಟರಿ ಎಂದರೆ 75 ವ್ಯಾಟ್ ಅವರ್. ಚಾರ್ಜಿಂಗಿನ ನಷ್ಟ ಸೇರಿಸಿ 90 ಎಂದಿಟ್ಟುಕೊಳ್ಳಿ. ದಿನಾ ಪೂರ್ತಿ ಖಾಲಿ ಮಾಡಿದರೂ ತಿಂಗಳಿಗೆ 2.7 ಯೂನಿಟ್. ಡಾಕ್ ಸುಮ್ಮನೆ ಕೂತು ಎಳೆಯುವುದು ಎರಡು ಮೂರು ವ್ಯಾಟ್ ಇದ್ದರೆ ಇನ್ನೊಂದೆರಡು ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ ಎಲ್ಲ ಸೇರಿ 30–35 ರೂಪಾಯಿ. ಒರೆಸು ಬಟ್ಟೆಯನ್ನು ಬಿಸಿ ಗಾಳಿಯಲ್ಲಿ ಒಣಗಿಸುವ ಡಾಕ್ ಆದರೆ ಲೆಕ್ಕ ಬೇರೆ. ಅಲ್ಲಿ ಖರ್ಚು ಹೀಟರಿನದು.

ಪ್ರಶ್ನೆ: ರೋಬೋಟಿನ ತಲೆಯ ಮೇಲಿನ ಲೇಸರ್ ಗೋಪುರ ತಿರುಗುತ್ತಿಲ್ಲ. ನಕ್ಷೆ ಎಲ್ಲ ಕಲಸಿಹೋಗಿದೆ. (ಹಾಸನ)

ಆ ಗೋಪುರ ಸೆಕೆಂಡಿಗೆ ಸುಮಾರು ಐದು ಸುತ್ತು ತಿರುಗುತ್ತ ಗೋಡೆಗಳ ದೂರ ಅಳೆಯುತ್ತದೆ. ಹಲವು ಮಾಡೆಲುಗಳಲ್ಲಿ ಅದನ್ನು ತಿರುಗಿಸುವುದು ಪಕ್ಕದ ಪುಟ್ಟ ಬ್ರಷ್ ಮೋಟರ್, ನಡುವೆ ತೆಳ್ಳನೆಯ ರಬ್ಬರ್ ಬೆಲ್ಟ್. ಸ್ವಿಚ್ ಆರಿಸಿ ಬೆರಳಲ್ಲಿ ತಿರುಗಿಸಿ. ಬಿಗಿ ಇದ್ದರೆ ಗೋಪುರದ ಕೆಳಗೆ ಕೂದಲು ಅಥವಾ ಕಲ್ಲಿನ ಚೂರು ಸೇರಿದೆ. ಸರಾಗವಾಗಿ ತಿರುಗಿ, ಸ್ಟಾರ್ಟ್ ಮಾಡಿದಾಗ ಮಾತ್ರ ಸುಮ್ಮನಿದ್ದರೆ ಮೇಲಿನ ಕವರ್ ಬಿಚ್ಚಿ ಬೆಲ್ಟ್ ನೋಡಿ. ಹಿಗ್ಗಿ ಜಾರುತ್ತಿದ್ದರೆ ಅದೇ ಅಳತೆಯದನ್ನು ಹಾಕಿ. ಕೈಗೆ ಸಿಕ್ಕ ರಬ್ಬರ್ ಬ್ಯಾಂಡನ್ನು ಎರಡು ಸುತ್ತು ಹಾಕುವುದು ಬೇಡ. ಅತಿ ಬಿಗಿಯಾದರೆ ಮೋಟರಿನ ಅಚ್ಚನ್ನು ಹಿಡಿದಿರುವ ಬುಷ್ ಒಂದು ಕಡೆಗೆ ಸವೆಯುತ್ತದೆ. ಬೆಲ್ಟ್ ಸರಿಯಿದ್ದು ತಟ್ಟಿದಾಗ ತಿರುಗಿದರೆ ಮೋಟರಿನ ಬ್ರಷ್ ಹೋಗಿದೆ, ಮೋಟರೊಂದನ್ನೇ ಬದಲಿಸಬಹುದು. ಲೆನ್ಸನ್ನು ಒಣ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ. ಕವರ್ ತೆಗೆದಾಗ ಆನ್ ಮಾಡಿ ಲೇಸರಿನೊಳಗೆ ಇಣುಕಬೇಡಿ.

ಪ್ರಶ್ನೆ: ನಮ್ಮ ನೆಲ ಕಪ್ಪು ಗ್ರಾನೈಟ್. ರೋಬೋಟ್ ಎರಡು ಹೆಜ್ಜೆ ಹೋಗಿ ಹಿಂದೆ ಸರಿಯುತ್ತದೆ, ಮತ್ತೆ ಹೋಗುತ್ತದೆ, ಮತ್ತೆ ಸರಿಯುತ್ತದೆ. ಚಕ್ರ ಕೆಟ್ಟಿದೆಯೇ? (ಚಾಮರಾಜನಗರ)

ಚಕ್ರ ಸರಿಯಿದೆ. ಮೆಟ್ಟಿಲಿನಿಂದ ಬೀಳದಂತೆ ಅಡಿಯಲ್ಲಿ ಅವಕೆಂಪು ಸೆನ್ಸರುಗಳಿವೆ. ಅವು ಬಿಟ್ಟ ಬೆಳಕು ನೆಲದಿಂದ ಮರಳಿ ಬಂದರೆ ನೆಲವಿದೆ, ಬರದಿದ್ದರೆ ಹಳ್ಳ. ಪಾಲಿಶ್ ಮಾಡಿದ ಕಪ್ಪು ಗ್ರಾನೈಟ್ ಬೆಳಕನ್ನು ನುಂಗಿಬಿಡುತ್ತದೆ, ಉಳಿದದ್ದು ಬೇರೆ ದಿಕ್ಕಿಗೆ ಚಿಮ್ಮುತ್ತದೆ. ಮೊದಲು ಸೆನ್ಸರಿನ ಕಿಟಕಿಗಳನ್ನು ಒಣ ಹತ್ತಿಯಿಂದ ಒರೆಸಿ. ಕೆಲವು ಮಾಡೆಲುಗಳ ಆ್ಯಪಿನಲ್ಲಿ ಕಪ್ಪು ನೆಲಕ್ಕೆಂದು ಈ ಸೆನ್ಸರ್ ಆರಿಸುವ ಆಯ್ಕೆ ಇದೆ. ಬಿಳಿ ಟೇಪ್ ಅಂಟಿಸುವ ಉಪಾಯ ಮನೆಯಲ್ಲಿ ಎಲ್ಲೂ ಮೆಟ್ಟಿಲು, ತಗ್ಗು ಇಲ್ಲದಿದ್ದರೆ ಮಾತ್ರ. ಮಹಡಿ ಮನೆಯಲ್ಲಿ ಹಾಗೆ ಮಾಡಿದರೆ ಅದು ಮೆಟ್ಟಿಲಿನಿಂದ ಉರುಳುವುದು ಖಂಡಿತ. ಇನ್ನೂ ಕೊಂಡಿಲ್ಲದವರು ತಮ್ಮ ನೆಲದ ಒಂದು ಕಲ್ಲಿನ ಮೇಲೆ ಓಡಿಸಿ ನೋಡಿಯೇ ಕೊಳ್ಳಿ.

ಪ್ರಶ್ನೆ: ಡಿಪ್ಲೊಮಾ ಪ್ರಾಜೆಕ್ಟಿಗೆ ಕಸ ಗುಡಿಸುವ ಪುಟ್ಟ ರೋಬೋಟ್ ಮಾಡುತ್ತಿದ್ದೇವೆ. ಹಳದಿ ಬಿಒ ಮೋಟರ್ (ಗೇರ್ ಇರುವ ಸಣ್ಣ ಮೋಟರ್) ಎರಡು, ಎಲ್298ಎನ್ ಡ್ರೈವರ್, ಆರ್ಡುಯಿನೊ ನಿಯಂತ್ರಣ ಬೋರ್ಡ್, 9 ವೋಲ್ಟ್ ಬ್ಯಾಟರಿ. ಮೋಟರ್ ಶುರುವಾದ ತಕ್ಷಣ ಆರ್ಡುಯಿನೊ ರೀಸೆಟ್ ಆಗುತ್ತದೆ. ಓಡಿದಾಗಲೂ ನೇರ ಹೋಗದೆ ಎಡಕ್ಕೆ ಎಳೆಯುತ್ತದೆ. (ದಾವಣಗೆರೆ)

ಮೊದಲ ತಪ್ಪು 9 ವೋಲ್ಟಿನ ಚೌಕ ಬ್ಯಾಟರಿ. ಅದು ಮಲ್ಟಿಮೀಟರಿನಂಥ ಕಡಿಮೆ ಕರೆಂಟಿನ ಕೆಲಸಕ್ಕೆ. ನಿಂತ ಮೋಟರ್ ಹೊರಡುವ ಕ್ಷಣದಲ್ಲಿ ಎದುರು ವೋಲ್ಟೇಜ್ ಇನ್ನೂ ಹುಟ್ಟಿರುವುದಿಲ್ಲ, ಹಾಗಾಗಿ ಸಿಕ್ಕಷ್ಟು ಕರೆಂಟ್ ಎಳೆಯುತ್ತದೆ. ಎರಡು ಮೋಟರ್ ಒಟ್ಟಿಗೆ ಹೊರಟರೆ ಆ ಬ್ಯಾಟರಿಯ ವೋಲ್ಟೇಜ್ ಕುಸಿದು ಆರ್ಡುಯಿನೊ ಆರಿ ಹತ್ತುತ್ತದೆ. ಎರಡು 18650 ಲೀಥಿಯಂ ಸೆಲ್‌ಗಳನ್ನು ಸರಣಿಯಲ್ಲಿ ಹಾಕಿ, 7.4 ವೋಲ್ಟ್. ರಕ್ಷಣಾ ಬೋರ್ಡ್ ಇರುವುದನ್ನೇ ತನ್ನಿ.

ಎರಡನೆಯದು ಡ್ರೈವರ್. ಎಲ್298ಎನ್ ಹಳೆಯ ಬಗೆಯ ಟ್ರಾನ್ಸಿಸ್ಟರ್ ಚಿಪ್, ತನ್ನೊಳಗೇ ಸುಮಾರು 2 ವೋಲ್ಟ್ ನುಂಗಿ ಬಿಸಿ ಮಾಡುತ್ತದೆ. 7.4 ಕೊಟ್ಟರೆ ಮೋಟರಿಗೆ ತಲುಪುವುದು ಐದೂವರೆಯ ಹತ್ತಿರ. ಬಿಒ ಮೋಟರಿಗೆ ಅಷ್ಟು ಸಾಕಾದರೂ ಬ್ಯಾಟರಿಯ ಕಾಲು ಭಾಗ ಬರೀ ಶಾಖವಾಗಿ ಹೋಗುತ್ತದೆ. ಟಿಬಿ6612 ಎಂಬ ಮಾಸ್ಫೆಟ್ (ಹೊಸ ಬಗೆಯ ಟ್ರಾನ್ಸಿಸ್ಟರ್) ಡ್ರೈವರ್ ಬಳಸಿ. ಒಂದೊಂದು ಮೋಟರಿಗೆ 1.2 ಆಂಪಿಯರ್ ಸತತವಾಗಿ ಕೊಡಬಲ್ಲದು, ನಷ್ಟ ಬಹಳ ಕಡಿಮೆ. ಬೆಂಗಳೂರಿನ ಎಸ್‌ಪಿ ರಸ್ತೆಯ ಅಂಗಡಿಗಳಲ್ಲಿ ಸಿಗುತ್ತದೆ. ಅದನ್ನು ಹಾಕಿದ ಮೇಲೆ 7.4 ವೋಲ್ಟ್ ಪೂರ್ತಿ ಮೋಟರಿಗೆ ಹೋಗುವುದರಿಂದ ಪಿಡಬ್ಲ್ಯುಎಂ ಬೆಲೆಯನ್ನು (ಕರೆಂಟನ್ನು ಬೇಗ ಬೇಗ ಕೊಟ್ಟು ನಿಲ್ಲಿಸಿ ಮೋಟರಿನ ವೇಗ ಹೊಂದಿಸುವ ಅಂಕಿ, 0ರಿಂದ 255) 255ಕ್ಕೆ ಏರಿಸದೆ 200ರ ಒಳಗೆ ಇಡಿ.

ಮೂರನೆಯದು ಗದ್ದಲ. ಬ್ರಷ್ಷಿನ ಕಿಡಿ ವೈರಿನಲ್ಲಿ ಹರಿದು ಆರ್ಡುಯಿನೊವನ್ನು ಕೆಡಿಸುತ್ತದೆ. ಪ್ರತಿ ಮೋಟರಿನ ಎರಡು ತಗಡುಗಳ ನಡುವೆ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪ್ಯಾಸಿಟರ್ ಬೆಸೆಯಿರಿ. ಅದರ ಮೇಲೆ 104 ಎಂದು ಅಚ್ಚಾಗಿರುತ್ತದೆ. ಮೋಟರಿನ ಮೈಗೆ ಆದಷ್ಟು ಹತ್ತಿರ ಇರಬೇಕು, ಬ್ರೆಡ್‌ಬೋರ್ಡಿನ ಮೇಲೆ ಹಾಕಿದರೆ ಉಪಯೋಗವಿಲ್ಲ. ಬ್ಯಾಟರಿ, ಡ್ರೈವರ್, ಆರ್ಡುಯಿನೊ ಮೂರರ ಗ್ರೌಂಡ್ ಒಂದಾಗಿರಲಿ.

ನೇರ ಹೋಗದಿರುವುದು ತಪ್ಪಲ್ಲ, ಸ್ವಭಾವ. ಒಂದೇ ಪೆಟ್ಟಿಗೆಯ ಎರಡು ಬಿಒ ಮೋಟರ್ ಒಂದೇ ವೋಲ್ಟೇಜಿನಲ್ಲಿ ಒಂದೇ ವೇಗ ಹೋಗುವುದಿಲ್ಲ. ಬಲದ ಪಿಡಬ್ಲ್ಯುಎಂ ಬೆಲೆಯನ್ನು ಐದೈದರಂತೆ ಇಳಿಸುತ್ತ ಸರಿಮಾಡಬಹುದು, ಆದರೆ ಬ್ಯಾಟರಿ ಇಳಿದಂತೆ, ನೆಲ ಬದಲಾದಂತೆ ಮತ್ತೆ ತಪ್ಪುತ್ತದೆ. ತೂತಿನ ಬಿಲ್ಲೆ, ಬೆಳಕಿನ ಸೆನ್ಸರ್ ಇರುವ ಎನ್‌ಕೋಡರ್ ಹಾಕಿ, ಎರಡರ ಎಣಿಕೆ ಸಮ ಇರುವಂತೆ ಪ್ರೋಗ್ರಾಂ ಬರೆಯಿರಿ. ಮಾರುಕಟ್ಟೆಯ ರೋಬೋಟುಗಳು ಮಾಡುವುದೂ ಅದನ್ನೇ.

ಪ್ರಶ್ನೆ: ಹಾಸಿಗೆ ಹಿಡಿದಿರುವ ಅಮ್ಮನನ್ನು ಎತ್ತಿ ಕೂರಿಸಲು ಮನುಷ್ಯಾಕಾರದ ರೋಬೋಟ್ ಸಿಗುತ್ತದೆಯೇ? ವಿಡಿಯೊಗಳಲ್ಲಿ ಬಟ್ಟೆ ಮಡಚುವುದನ್ನು, ಪಾತ್ರೆ ಎತ್ತುವುದನ್ನು ನೋಡಿದ್ದೇನೆ. (ಉಡುಪಿ)

ಅಮ್ಮನ ಭಾರ ಹೊರುವ ಕೆಲಸಕ್ಕೆ ಅಂಥದ್ದನ್ನು ನಂಬಿ ಕಾಯಬೇಡಿ. ಕಾರಣ ಮೋಟರಿನ ಲೆಕ್ಕದಲ್ಲೇ ಇದೆ. 2 ಕೆಜಿ ಪಾತ್ರೆಯನ್ನು 60 ಸೆಂಟಿಮೀಟರ್ ಚಾಚಿ ಹಿಡಿಯಲು ಭುಜದ ಕೀಲಿಗೆ 12 ನ್ಯೂಟನ್ ಮೀಟರ್ ತಿರುಚು ಬಲ ಬೇಕು. 60 ಕೆಜಿಯವರನ್ನು ಎದೆಯಿಂದ 40 ಸೆಂಟಿಮೀಟರ್ ದೂರದಲ್ಲಿ ಎತ್ತಲು ಬೇಕಾಗುವುದು 235. ಅಷ್ಟು ಕೊಡಲು ದೊಡ್ಡ ಮೋಟರ್, ನೂರು ಪಟ್ಟು ಇಳಿಸುವ ಗೇರ್ ಬೇಕು. ಜೊತೆಗೆ ಮುಂದಕ್ಕೆ ಮಗುಚದಂತೆ ಬುಡ ಭಾರವಿರಬೇಕು. ಎತ್ತಿ ಸುಮ್ಮನೆ ಹಿಡಿದು ನಿಂತರೂ ಮೋಟರ್ ಕರೆಂಟ್ ಎಳೆದು ಬಿಸಿಯಾಗುತ್ತಲೇ ಇರುತ್ತದೆ. ಕರೆಂಟ್ ತಪ್ಪಿದ ಕ್ಷಣ ಕೈ ಬೀಳದಂತೆ ಪ್ರತಿ ಕೀಲಿಗೂ ಬ್ರೇಕ್ ಬೇಕು. ಜಪಾನಿನ ರೈಕೆನ್ ಸಂಸ್ಥೆ ರೋಗಿಗಳನ್ನು ಎತ್ತಲೆಂದೇ ರೂಪಿಸಿ 2015ರಲ್ಲಿ ತೋರಿಸಿದ ರೋಬೇರ್ ಎಂಬ ರೋಬೋಟಿನ ತೂಕ 140 ಕೆಜಿ. ಅದೂ ಪ್ರಯೋಗದ ಯಂತ್ರ.

ನಿಮಗೆ ಇವತ್ತೇ ಉಪಯೋಗಕ್ಕೆ ಬರುವುದು ವಿದ್ಯುತ್ ಮಂಚ. ತಲೆಯ ಕಡೆ ಏರಿಸಲು, ಕಾಲಿನ ಕಡೆ ಮಡಚಲು ಅದರಡಿ 24 ವೋಲ್ಟಿನ ಡಿಸಿ ಮೋಟರ್, ಅದು ತಿರುಗಿಸುವ ಉದ್ದನೆಯ ಸ್ಕ್ರೂ ಇರುತ್ತವೆ. ಇಂಥ ಒಂದು ಆ್ಯಕ್ಚುಯೇಟರ್ 6000 ನ್ಯೂಟನ್, ಎಂದರೆ 600 ಕೆಜಿಯ ಹತ್ತಿರದ ಬಲದಿಂದ ತಳ್ಳಬಲ್ಲದು. ಸ್ಕ್ರೂ ಭಾರಕ್ಕೆ ತಾನಾಗಿ ಹಿಂದೆ ತಿರುಗುವುದಿಲ್ಲ, ಹಾಗಾಗಿ ಕರೆಂಟ್ ಹೋದರೂ ಅಮ್ಮ ಕೂತಂತೆಯೇ ಇರುತ್ತಾರೆ. ಕೊಳ್ಳುವಾಗ ಕರೆಂಟಿಲ್ಲದಾಗ ಇಳಿಸಲು ಬ್ಯಾಟರಿ ಬ್ಯಾಕಪ್ ಅಥವಾ ಕೈಹಿಡಿ ಇದೆಯೇ ಎಂದು ಕೇಳಿ. ಮಂಚದಿಂದ ಕುರ್ಚಿಗೆ ಸಾಗಿಸಲು ಜೋಳಿಗೆ ಇರುವ, ಚಕ್ರದ ಮೇಲೆ ಓಡುವ ಲಿಫ್ಟ್ ಬರುತ್ತದೆ. ಜೋಳಿಗೆ ಹಾಕುವ ಕ್ರಮವನ್ನು ಫಿಸಿಯೋಥೆರಪಿಸ್ಟ್ ಒಬ್ಬರಿಂದ ಮನೆಯವರಿಬ್ಬರಾದರೂ ಕಲಿತುಕೊಳ್ಳಿ. ಚರ್ಮ ತರಚುವುದು, ಜಾರುವುದು ಹೆಚ್ಚಾಗಿ ಆಗುವುದು ಜೋಳಿಗೆ ಹಾಕುವ ತಪ್ಪಿನಿಂದ.

ಪ್ರಶ್ನೆ: ಒರೆಸುವ ರೋಬೋಟಿನ ಟ್ಯಾಂಕಿಗೆ ಫಿನಾಯಿಲ್ ಹಾಕಬಹುದೇ? ಈಗೀಗ ನೀರೇ ಸರಿಯಾಗಿ ಬರುತ್ತಿಲ್ಲ. (ಕೋಲಾರ)

ಹಾಕಬೇಡಿ. ಟ್ಯಾಂಕಿನ ಪಂಪಿನಲ್ಲಿ ಪುಟ್ಟ ಮೋಟರೊಂದು ಉರುಳೆಗಳಿಂದ ಮೆತ್ತನೆಯ ಕೊಳವೆಯನ್ನು ಹಿಂಡುತ್ತ ನೀರು ತಳ್ಳುತ್ತದೆ. ಬಿಳಿ ಫಿನಾಯಿಲಿನ ಎಣ್ಣೆಯಂಶ ಆ ಕೊಳವೆಯನ್ನು ಉಬ್ಬಿಸುತ್ತದೆ, ಸಣ್ಣ ತೂತುಗಳಲ್ಲಿ ಜಿಡ್ಡು ಕಟ್ಟುತ್ತದೆ. ಬ್ಲೀಚ್, ಆ್ಯಸಿಡ್ ಅಂತೂ ಬೇಡವೇ ಬೇಡ.

ನಿಮ್ಮಲ್ಲಿ ನೀರು ಬರದಿರಲು ಬೋರ್‌ವೆಲ್ ನೀರಿನ ಗಡಸುತನವೂ ಕಾರಣವಿರಬಹುದು. ಬಿಸಿನೀರಿನ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರವೇ ಇಲ್ಲೂ ಕಟ್ಟುತ್ತದೆ. ಟ್ಯಾಂಕನ್ನು ರೋಬೋಟಿನಿಂದ ಬೇರೆ ಮಾಡಿ, ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಸಿಟ್ರಿಕ್ ಆ್ಯಸಿಡ್, ಅಂದರೆ ಅಂಗಡಿಯ ನಿಂಬೆ ಹುಳಿ ಪುಡಿ ಕರಗಿಸಿ ಅರ್ಧ ಗಂಟೆ ತುಂಬಿಟ್ಟು ಚೆಲ್ಲಿ. ಆಮೇಲೆ ಬರೀ ನೀರಿನಲ್ಲಿ ಎರಡು ಸಲ ತೊಳೆಯಿರಿ. ಟ್ಯಾಂಕಿನ ಮೈಗೆ ವಿದ್ಯುತ್ ತಗಡುಗಳಿದ್ದರೆ ಅವು ಒಣಗುವ ತನಕ ಜೋಡಿಸಬೇಡಿ. ಮುಂದಕ್ಕೆ ಆರ್‌ಒ ಫಿಲ್ಟರಿನ ನೀರು ತುಂಬಿ, ಕೆಲಸ ಮುಗಿದ ಮೇಲೆ ಟ್ಯಾಂಕಿನಲ್ಲಿ ನೀರು ಉಳಿಸಬೇಡಿ. ವಾಸನೆ ಬೇಕೆಂದರೆ ಕಂಪನಿ ಒಪ್ಪಿದ ದ್ರಾವಣವನ್ನು ಅವರು ಹೇಳಿದ ಅಳತೆಯಲ್ಲೇ ಹಾಕಿ; ಇಲ್ಲದಿದ್ದರೆ ವಾರಕ್ಕೊಮ್ಮೆ ಫಿನಾಯಿಲ್ ಬಟ್ಟೆ ಕೈಯಲ್ಲೇ ಹಿಡಿಯಿರಿ.